ಸಾಸಿವೆ ಎಳೆದ ಸೀಸ

“ಗುರುಗಳೇ, ಕ್ಷಮಿಸಿದ ಮೇಲೂ ಸಿಟ್ಟು ಯಾಕೆ ಉಳಿಯುತ್ತದೆ?” ಎಂದು ಶಿಷ್ಯ ಕೇಳಿದ.

ಮೂರು ವರ್ಷದ ಹಿಂದೆ, ಅಮ್ಮನ ತಿಥಿಯ ದಿನ, ಅವನ ಅಣ್ಣ ನೆಂಟರೆಲ್ಲರ ಎದುರು ಅವನನ್ನು ಊಟದ ಪಂಕ್ತಿಯಿಂದ ಎಬ್ಬಿಸಿದ್ದ. ಅದನ್ನು ತಾನು ಮನಸಾರೆ ಕ್ಷಮಿಸಿದ್ದೇನೆ ಎಂದು ಶಿಷ್ಯ ಹೇಳಿದ. ಈ ಮಾತನ್ನು ಆಶ್ರಮದ ಅಡುಗೆಯವರಿಗೆ ಹೇಳಿದ್ದ, ಹೊಸದಾಗಿ ಬಂದ ಶಿಷ್ಯರಿಗೆ ಹೇಳಿದ್ದ, ಹಾಲು ತರುವವನಿಗೂ ಹೇಳಿದ್ದ. ಆದರೂ ತಿಥಿ ಹತ್ತಿರ ಬಂದರೆ ಸಿಟ್ಟು ಮತ್ತೆ ಏಳುತ್ತದೆ. ಈ ಸಲ ಊರಿಗೆ ಹೋಗುವುದೋ ಬೇಡವೋ ಗೊತ್ತಾಗುತ್ತಿಲ್ಲ.

ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಹಳ್ಳದ ದಂಡೆಯಲ್ಲಿ ಅವನ ಹೊಲ. ಸೊಪ್ಪು, ಮೂಲಂಗಿ ಬೆಳೆಯುತ್ತಿದ್ದ. ಮಾರುವುದನ್ನು ಬಿಟ್ಟರೆ ಹೊಲದ ಒಂದು ಕಡ್ಡಿಯೂ ಬದು ದಾಟಬಾರದು ಎಂಬುದು ಅವನ ನಿಯಮ. ಕಿತ್ತ ಕಳೆ, ಒಣಗಿದ ದಂಟು, ಉದುರಿದ ಎಲೆ ಎಲ್ಲವೂ ಗುಂಡಿಗೆ ಹೋಗಬೇಕು, ಗೊಬ್ಬರವಾಗಿ ಮಣ್ಣಿಗೇ ಮರಳಬೇಕು. ಇದಕ್ಕಾಗಿ ಒಮ್ಮೆ ಅವನಿಗೆ ಶಾಲು ಹೊದಿಸಿದ್ದರು. ಬೇಸಿಗೆಯಲ್ಲೂ ಅವನು ಆ ಶಾಲನ್ನು ಬಂದವರಿಗೆ ತೋರಿಸುತ್ತಿದ್ದ.

ಹಳ್ಳದ ಮೇಲ್ಭಾಗದಲ್ಲಿ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡೊಂದಿತ್ತು. ಕೆಲವು ವರ್ಷ ನಡೆದು ಮುಚ್ಚಿತು. ನಡೆಸಿದವರು ಹೋದರು, ಸೀಸ ಹೋಗಲಿಲ್ಲ. ಮಳೆಗಾಲದಲ್ಲಿ ಹಳ್ಳ ಉಕ್ಕಿದಾಗಲೆಲ್ಲ ಹೂಳಿನ ಜೊತೆ ರೈತನ ಹೊಲಕ್ಕೆ ಬಂತು. ಸೊಪ್ಪು ಮಾತ್ರ ಹಸಿರಾಗಿಯೇ ಇತ್ತು. ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ.

ರೈತನ ಮೊಮ್ಮಗಳಿಗೆ ಐದು ವರ್ಷ. ಹೊಲದಲ್ಲೇ ಆಡುತ್ತಿದ್ದಳು. ಮೂಲಂಗಿ ಕಿತ್ತು, ಲಂಗಕ್ಕೆ ಒರೆಸಿ, ಅಲ್ಲೇ ತಿನ್ನುತ್ತಿದ್ದಳು. ಅವಳಿಗೆ ಹೊಟ್ಟೆನೋವು ಶುರುವಾಯಿತು. ಮುಖ ಬಿಳಿಚಿತು. ಕಲಿತ ಅಕ್ಷರ ಮರೆತುಹೋಗತೊಡಗಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಸೀಸ ಸಿಕ್ಕಿತು. ಮಗುವನ್ನು ಆ ಮಣ್ಣಿನಿಂದ ದೂರ ಇಡಿ ಎಂದರು. ಸೊಸೆ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ಮಣ್ಣು ಸರಿಯಾಗುವ ತನಕ ಬರುವುದಿಲ್ಲ ಎಂದು ಹೇಳಿಯೇ ಹೋದಳು.

ಮಣ್ಣು ಪರೀಕ್ಷೆ ಮಾಡುವ ಒಬ್ಬ ಹೆಣ್ಣುಮಗಳು ಬಂದಳು. “ತಿನ್ನೋ ಬೆಳೆ ಹಾಕಬೇಡಿ. ಸಾಸಿವೆ ಹಾಕಿ. ಅದರ ಬೇರು ಮಣ್ಣಿನ ವಿಷವನ್ನ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎಳೆಯುತ್ತೆ. ನಿಧಾನದ ಕೆಲಸ, ವರ್ಷಗಟ್ಟಲೆ ಹಿಡಿಯುತ್ತೆ. ಹೂ ಬಂದ ಮೇಲೆ ಬೇರುಸಮೇತ ಕಿತ್ತು ಹೇಳಿಕಳಿಸಿ, ಸಾಗಿಸೋಕೆ ಗಾಡಿ ಕಳಿಸ್ತೀನಿ” ಎಂದಳು. ರೈತ ಹೂಂಗುಟ್ಟಿದ.

ಹೊಲವೆಲ್ಲ ಹಳದಿಯಾಯಿತು. ಅಂಥ ಸಾಸಿವೆಯನ್ನು ಅವನು ಹಿಂದೆಂದೂ ಬೆಳೆದಿರಲಿಲ್ಲ. “ಗಾಣ ಇಡ್ತೀಯೇನೋ?” ಎಂದು ಪಕ್ಕದ ಹೊಲದವನು ಛೇಡಿಸಿದ. ರೈತ ಕಾಳು ಕಟ್ಟಲು ಬಿಡಲಿಲ್ಲ. ಒಂದು ಎಲೆಯನ್ನೂ ಬಾಯಿಗೆ ಹಾಕಲಿಲ್ಲ, ಹಸುವಿಗೂ ಹಾಕಲಿಲ್ಲ. ಹೂ ಬಂದ ಕೂಡಲೇ ಕಿತ್ತ. ಮತ್ತೆ ಬಿತ್ತಿದ, ಮತ್ತೆ ಕಿತ್ತ. ಹೀಗೆ ಮೂರು ವರ್ಷ.

ಮೊಮ್ಮಗಳು ಫೋನಿನಲ್ಲಿ ಕೇಳುತ್ತಿದ್ದಳು: “ಅಜ್ಜಾ, ಮಣ್ಣಿಗೆ ವಾಸಿ ಆಯ್ತಾ?”

“ಆಗ್ತಾ ಇದೆ ಪುಟ್ಟಿ.”

ಮೂರನೆಯ ವರ್ಷದ ಕೊನೆಗೆ ಮಣ್ಣನ್ನು ಮತ್ತೆ ಪರೀಕ್ಷೆ ಮಾಡಿದರು. ಸೀಸ ಎಷ್ಟಿತ್ತೋ ಅಷ್ಟೇ ಇತ್ತು. ರೈತನಿಗೆ ರೇಗಿತು.

“ನಿಮ್ಮ ಸಾಸಿವೆ ಶುದ್ಧ ಸೋಮಾರಿ ಕಣಮ್ಮ. ಮೂರು ವರ್ಷ ನೀರು ಕುಡೀತು, ಕೆಲಸ ಮಾಡಲಿಲ್ಲ.”

“ಕಿತ್ತ ಸಾಸಿವೆ ಎಲ್ಲಿ ಯಜಮಾನ್ರೇ? ಗಾಡಿಗೆ ನೀವು ಹೇಳಿಕಳಿಸಲೇ ಇಲ್ಲ. ಬೇರೆ ಯಾರದೋ ಗಾಡೀಲಿ ಸಾಗಿಸಿದ್ದೀರಿ ಅಂದುಕೊಂಡೆ.”

ರೈತ ಅವಳನ್ನು ಹೊಲದ ಮೂಲೆಗೆ ಕರೆದೊಯ್ದು ಗುಂಡಿ ತೋರಿಸಿದ. “ಒಂದು ಕಡ್ಡೀನೂ ಹಾಳು ಮಾಡಿಲ್ಲ ನೋಡಿ. ಚೆನ್ನಾಗಿ ಕೊಳೆಸಿ, ವರ್ಷಾ ವರ್ಷಾ ಹೊಲಕ್ಕೇ ಹಾಕಿದ್ದೀನಿ.”

ಅವಳು ಗುಂಡಿಯನ್ನು ನೋಡಿದಳು. “ಸೊಪ್ಪು ಕೊಳೆಯುತ್ತೆ ಯಜಮಾನ್ರೇ. ಸೀಸ ಕೊಳೆಯಲ್ಲ.”

ಸಾಗಿಸಬೇಕು ಎಂದು ಅವಳು ಮೊದಲೇ ಹೇಳಿದ್ದಳು. ಅವನೂ ಕೇಳಿಸಿಕೊಂಡಿದ್ದ. ಆದರೆ ತಾನು ಬೆಳೆದದ್ದನ್ನು ಬದುವಿನಾಚೆ ಎಸೆಯಲು ಕೈ ಬಂದಿರಲಿಲ್ಲ. ಆ ವಾರವೇ ಗುಂಡಿ ಬಗೆದು ಗಾಡಿಗೆ ತುಂಬಿಸಿದ. ಗಾಡಿ ತಿರುವು ದಾಟುವ ತನಕ ನೋಡುತ್ತ ನಿಂತ. ಆಮೇಲೆ ಮೊದಲನೆಯ ವರ್ಷ ಎಂದು ಮತ್ತೆ ಎಣಿಸತೊಡಗಿದ. ಮೊಮ್ಮಗಳಿಗೆ ಆಗ ಎಂಟು ತುಂಬಿತ್ತು. ಮಣ್ಣಿನ ವಿಷಯ ಕೇಳುವುದನ್ನು ಅವಳು ಬಿಟ್ಟಿದ್ದಳು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. “ಎಂಥ ಪೆದ್ದ, ಗುರುಗಳೇ! ಅಷ್ಟು ಕಷ್ಟಪಟ್ಟು ಹೊರಗೆ ತೆಗೆದದ್ದನ್ನು ತಾನೇ ಒಳಗೆ ಹಾಕಿದನೇ? ಅದೂ ಮೂರು ವರ್ಷ?”

ಗುರುಗಳು ಕೇಳಿದರು: “ಅಣ್ಣನನ್ನು ಕ್ಷಮಿಸಿದ್ದನ್ನು ಈ ವಾರ ಎಷ್ಟು ಜನಕ್ಕೆ ಹೇಳಿದೆ?”