ಮೆಟ್ಟಿಲ ಮೇಲೆ ಕೂತ ಮಂಡಕ್ಕಿ ವ್ಯಾಪಾರಿ

ದಾವಣಗೆರೆಯಲ್ಲಿ ರುದ್ರಮುನಿ ಎಂಬ ಮಂಡಕ್ಕಿ ವ್ಯಾಪಾರಿ ಇದ್ದ. ಬೇಕಾದವರಿಗೆ ಕೈಸಾಲವನ್ನೂ ಕೊಡುತ್ತಿದ್ದ. ಮುಖ ನೋಡದೆ, ಗುರುತಿನವರು ನಡುವೆ ನಿಲ್ಲದೆ ಕೊಟ್ಟವನಲ್ಲ. ತೀರಿಸದವರ ಮನೆ ಮೆಟ್ಟಿಲ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಮಾನಕ್ಕೆ ಅಂಜಿ ಅವರು ಕೊಟ್ಟುಬಿಡುತ್ತಿದ್ದರು.

ಆಮೇಲೆ ಮೊಬೈಲಿಗೆ ಒಂದು ಆ್ಯಪ್ ಬಂತು. ಸಾಲ ಕೊಡುವವರಿಗೆ ಸಾಲ ಬೇಕಾದವರನ್ನು ಅದೇ ಹುಡುಕಿಕೊಡುತ್ತಿತ್ತು. ಬಡ್ಡಿ ಹೆಚ್ಚು. ರುದ್ರಮುನಿ ಈ ಸಲ ಯಾರನ್ನೂ ಕೇಳಲಿಲ್ಲ. ಮಂಡಕ್ಕಿ ಭಟ್ಟಿಯ ರಿಪೇರಿಗೆ ಇಟ್ಟಿದ್ದ ಹಣವನ್ನು ಹರಿಹರದ ನೀಲಾಂಬಿಕೆ ಎಂಬವಳ ಹೆಸರಿಗೆ ಕೊಟ್ಟ.

ಒಂದು ಕಂತೂ ಬರಲಿಲ್ಲ. ಆ್ಯಪಿನವರಿಗೆ ಫೋನ್ ಮಾಡಿದ.

"ನಾವು ಪರಿಚಯ ಮಾಡಿಸೋರು ಅಷ್ಟೇ ಸರ್. ಷರತ್ತಿಗೆ ನೀವೇ ಒಪ್ಪಿದ್ದೀರಿ."

ಆ್ಯಪಿನಲ್ಲಿದ್ದ ವಿಳಾಸ ಹಿಡಿದು ಅವನು ಹರಿಹರಕ್ಕೆ ಹೋದ. ನೀಲಾಂಬಿಕೆ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು.

"ನಾನು ಯಾರ ಹತ್ರಾನೂ ಸಾಲ ತಗೊಂಡಿಲ್ಲ, ಅಜ್ಜಾರೆ."

"ಹೆಸರು ನಿಂದು, ಫೋಟೋ ನಿಂದು. ದುಡ್ಡು ಮಾತ್ರ ದೆವ್ವ ತಿಂತೇನು?"

"ಪೊಲೀಸರ ಹತ್ರ ಹೋಗೋಣ ನಡೀರಿ. ನಾನೂ ಬರ್ತೀನಿ."

"ಪೊಲೀಸರು ಆಮೇಲೆ. ಮೊದಲು ದುಡ್ಡಿಡು."

ಸಂಜೆಯವರೆಗೂ ಮೆಟ್ಟಿಲ ಮೇಲೆ ಕೂತು ಕೂಗಿದ. ಹೊಲಿಯಲು ಕೊಟ್ಟಿದ್ದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಟ್ಟೆ ವಾಪಸ್ ಒಯ್ದರು. ನೀಲಾಂಬಿಕೆ ಬಾಗಿಲು ಹಾಕಿಕೊಂಡಳು.

ಮರುದಿನ ಅವಳೇ ಪೊಲೀಸರಿಗೆ ದೂರು ಕೊಟ್ಟಳು. ವಿಚಾರಣೆ ಮುಗಿದ ಮೇಲೆ ಇನ್‌ಸ್ಪೆಕ್ಟರು ರುದ್ರಮುನಿಯನ್ನು ಕರೆಸಿದರು.

"ಯಾವನೋ ಈ ಅಮ್ಮನ ಆಧಾರ್ ನಕಲು ಇಟ್ಟುಕೊಂಡು ಸಾಲ ಎತ್ತಿದ್ದಾನೆ. ಹಣ ಅವನ ಖಾತೆಗೇ ಹೋಗಿದೆ. ಹೊಣೆ ಅವನದು, ಇವರದಲ್ಲ. ಆದರೆ ಇವರ ಮನೆ ಮುಂದೆ ಕೂಗಿದ್ದಕ್ಕೆ ನೀವು ಹೊಣೆ."

ರುದ್ರಮುನಿ ಅವಳ ಮನೆಗೆ ಹೋದ. ಮಿಷಿನ್ನಿಗೆ ಮುಸುಕು ಹಾಕಿತ್ತು.

"ತಪ್ಪಾಯ್ತು ಕಣಮ್ಮ."

"ನನಗೆ ಯಾಕೆ ಹೇಳ್ತೀರಿ? ನಾನು ಕದ್ದಿಲ್ಲ ಅಂತ ನನಗೆ ಗೊತ್ತಿತ್ತಲ್ಲ. ಅಲ್ಲಿ ಕೂತು ಓಣಿಗೆ ಹೇಳಿ."

ಅವನು ಅದೇ ಮೆಟ್ಟಿಲ ಮೇಲೆ ಕೂತ. ಹೋಗಿ ಬರುವವರಿಗೆಲ್ಲ ಹೇಳಿದ. ಅಂದು ಅವನ ಕೂಗಿಗೆ ಓಣಿಯೇ ನೆರೆದಿತ್ತು. ಇಂದು ಯಾರೂ ನಿಲ್ಲಲಿಲ್ಲ.

ಕತ್ತಲಾಯಿತು. ಒಯ್ದ ಬಟ್ಟೆ ಒಂದೂ ವಾಪಸ್ ಬರಲಿಲ್ಲ.

ನೀತಿ: ಸಾಲ ಯಾರ ಹೆಸರಲ್ಲಿದೆ ಎಂದಲ್ಲ, ಹಣ ಯಾರ ಕೈ ಸೇರಿತು ಎಂದು ಮೊದಲು ವಿಚಾರಿಸಿ. ಮೋಸಹೋದೆ ಎಂಬ ಕಾರಣಕ್ಕೆ ಇನ್ನೊಬ್ಬರ ಮಾನ ಕಳೆಯುವ ಹಕ್ಕು ಯಾರಿಗೂ ಬರುವುದಿಲ್ಲ. ಹಣ ಒಂದು ದಿನ ಸಿಕ್ಕೀತು. ಕಳೆದ ಮಾನವನ್ನು ತಂದುಕೊಡಲು ಆಗದು.