ಕರೆಯದೆ ಇಳಿಯುತ್ತಿದ್ದ ಬಿಸಿಲುಮರೆ

ದಾಕ್ಷಾಯಣಿ ಡಾಕ್ಟರಮ್ಮನ ಕಾರಿನಲ್ಲಿ, ಮುಂಗಾಜಿನ ಮೇಲ್ಗಡೆ, ಮಡಚುವ ಒಂದು ಬಿಸಿಲುಮರೆ ಇತ್ತು. ಬಿಸಿಲು ಬಂದಾಗ ಇಳಿಯುವುದು, ಉಳಿದ ಹೊತ್ತು ಚಾವಣಿಗೆ ಅಂಟಿಕೊಂಡಿರುವುದು ಅದರ ಕೆಲಸ. ಅದೋ, ಗಾಡಿ ಒಂದು ಗುಂಡಿ ಹಾರಿದರೆ ಸಾಕು, ದೊಪ್ಪನೆ ಡಾಕ್ಟರಮ್ಮನ ಕಣ್ಣಿಗೇ ಅಡ್ಡ ಬೀಳುತ್ತಿತ್ತು. ಮೂರು ಸಲ ಷೋರೂಮಿಗೆ ಒಯ್ದರೂ, "ಈ ಗಾಡೀನೇ ಹಾಗೆ ಮೇಡಂ, ಅಭ್ಯಾಸ ಆಗುತ್ತೆ" ಎಂದು ಕಾಫಿ ಕೊಟ್ಟು ಕಳಿಸಿದ್ದರು.

ಒಂದು ದಿನ ಹೆದ್ದಾರಿಯಲ್ಲಿ ಅದು ಮತ್ತೆ ಬಿತ್ತು.

"ಮೋಡ ಕವಿದಿದೆಯಲ್ಲೋ, ಈಗ್ಯಾಕೆ ಇಳಿದೆ?" ಎಂದು ಪಕ್ಕದ ಕನ್ನಡಿ ಕೇಳಿತು.

"ಅಮ್ಮನನ್ನು ಕಾಯೋನು ನಾನು. ಮೋಡವನ್ನು ನಂಬೋಕಾಗುತ್ತಾ?"

ಅಷ್ಟರಲ್ಲಿ ಬ್ರೇಕು ಕಿರುಚಿತು. ಬಂಪರಿನಿಂದ ಗೇಣು ದೂರದಲ್ಲಿ ಒಂದು ಕತ್ತೆ ನಿಂತಿತ್ತು.

"ಸ್ವಾಮಿ, ಅವರನ್ನು ಕಾಯುವ ಭರದಲ್ಲಿ ತಾವು ನನ್ನನ್ನು ಕೊಲ್ಲುತ್ತಿದ್ದಿರಿ" ಎಂದಿತು ಕತ್ತೆ. "ಸುಮ್ಮನಿರುವುದೂ ಒಂದು ಕೆಲಸವೇ. ಬೇಕಿದ್ದರೆ ಬನ್ನಿ, ಕಲಿಸುತ್ತೇನೆ."

ಡಾಕ್ಟರಮ್ಮ ಸೆರಗಿನ ಪಿನ್ನು ತೆಗೆದು ಬಿಸಿಲುಮರೆಯನ್ನು ಚಾವಣಿಯ ಬಟ್ಟೆಗೆ ಚುಚ್ಚಿ ನಿಲ್ಲಿಸಿದರು. ಅದು ಮೂವತ್ತು ಮೈಲಿ ಮುನಿಸಿಕೊಂಡೇ ಇತ್ತು.

ಸಂಜೆ ಮೋಡ ಹರಿದು ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಡಾಕ್ಟರಮ್ಮ ಗಾಡಿ ಪಕ್ಕಕ್ಕೆ ನಿಲ್ಲಿಸಿ ಪಿನ್ನು ಬಿಚ್ಚಿದರು. "ಬಾರಪ್ಪಾ, ಈಗ ಬೇಕು ನೀನು."

ಬಿಸಿಲುಮರೆ ಈ ಸಲ ದೊಪ್ಪನೆ ಬೀಳಲಿಲ್ಲ. ಹಸೆಗೆ ಬರುವ ಮದುಮಗನ ಹಾಗೆ ಮೆಲ್ಲಗೆ ಇಳಿದು ಬಂತು.

"ನೋಡಿದೆಯಾ? ಕರೆದರು!" ಎಂದಿತು.

"ಹೂಂ," ಕನ್ನಡಿ ನಕ್ಕಿತು, "ಮೊದಲು ಕತ್ತೆಗೆ ಹೇಳಿ ಕಳಿಸೋಣ, ಶಿಷ್ಯ ಪಾಠ ಕಲಿತ ಅಂತ."