ಸುಣ್ಣದ ಗೆರೆ ದಾಟಿದ ಗುರಸಿದ್ದ

ಹೂಂಗುಟ್ಟುವವರು ಹತ್ತಿರ ಬಂದು ಕೂಡಿ, ತೂಕಡಿಸುವವರು ಈಗಲೇ ಎದ್ದು ಹೋಗಿ. ನಡುವೆ ನಿದ್ದೆ ಹೊಡೆದು ಎದ್ದು "ಆಮ್ಯಾಲೇನಾತು?" ಅಂತ ಕೇಳಿದರೆ ನಾನು ತಿರುಗಿ ಹೇಳುವವನಲ್ಲ. ಒಮ್ಮೆ ಹೇಳುವಷ್ಟರಲ್ಲೇ ನಗು ಬಂದು ನನ್ನ ಹೊಟ್ಟೆ ಹಿಡಿದುಕೊಳ್ಳುತ್ತದೆ.

ಚಿಕ್ಕಮುಗಳಿ ಅಂತ ಒಂದು ಊರು. ಅಲ್ಲಿ ಸಂಕವ್ವ ಅಂತ ಒಬ್ಬ ತಾಯಿ. ಅವಳಿಗೆ ಗುರಸಿದ್ದ ಅಂತ ಒಬ್ಬನೇ ಮಗ. ಆಳು ನೋಡಿದರೆ ಬಾಗಿಲು ತುಂಬ ಇದ್ದಾನೆ. ಬುದ್ಧಿ ಮಾತ್ರ ಕೇಳಬೇಡಿ! ಹೇಳಿದ ಮಾತು ಮರೆಯುತ್ತಿದ್ದನೇ? ಇಲ್ಲ, ಅದೇ ತೊಂದರೆ. ಮರೆತಿದ್ದರೆ ಊರು ಸುಖವಾಗಿ ಇರುತ್ತಿತ್ತು. ಒಂದು ಮಾತು ಅವನ ಕಿವಿಗೆ ಬಿತ್ತೋ, ಅಲ್ಲೇ ಬೇರು ಬಿಡುತ್ತಿತ್ತು. ಅದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಿಡಬೇಕು ಅನ್ನುವುದೊಂದೇ ಅವನಿಗೆ ತಿಳಿಯದು.

ಅವನ ಅಪ್ಪ ಸಾಯುವಾಗ ಬಿಟ್ಟುಹೋದದ್ದು ಒಂದು ಹಳೆಯ ಕೆಂಪು ಟ್ರ್ಯಾಕ್ಟರ್. ಅದರ ಮೇಲೆ ಕಾಕಾನ ಕಣ್ಣು. ಕಾಕಾ ಅಂದರೆ ಅಪ್ಪನ ತಮ್ಮ, ಕಲ್ಮೇಶಪ್ಪ. ದಿನಾ ಬೆಳಗಾದರೆ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದ.

"ವೈನಿ, ನಿನ್ನ ಮಗಗ ಎತ್ತು ಯಾವುದು, ಎಮ್ಮಿ ಯಾವುದು ತಿಳಿಯಂಗಿಲ್ಲ. ಅಣ್ಣನ ಟ್ರ್ಯಾಕ್ಟರ್ ಇಂಥವನ ಕೈಯಾಗ ಯಾಕ? ನಮ್ಮ ಅಂಗಳದಾಗ ನಿಂದ್ರಲಿ!"

"ನನ್ನ ಗಂಡ ಕುಂತ ಸೀಟು ಅದು. ಅದೂ ಹೋದ್ರ ಈ ಮನ್ಯಾಗ ಅವನ ಗುರ್ತು ಏನು ಉಳಿತೈತಿ?" ಅನ್ನುತ್ತಿದ್ದಳು ಸಂಕವ್ವ. 

ಆ ಊರಿನಲ್ಲಿ ಕಬ್ಬು ಕಡಿದು ಮುಗಿದ ಮೇಲೆ ಒಂದು ಪಂದ್ಯ ನಡೆಯುತ್ತದೆ, ಟ್ರ್ಯಾಕ್ಟರ್ ಜಗ್ಗುವ ಪಂದ್ಯ. ಒಂದು ಟ್ರೇಲರಿಗೆ ಹಸಿ ಮರಳು ತುಂಬುತ್ತಾರೆ. ಗಾಲಿ ತಿರುಗದಂತೆ ಸರಪಳಿ ಬಿಗಿಯುತ್ತಾರೆ. ಅದನ್ನು ಟ್ರ್ಯಾಕ್ಟರಿನಿಂದ ಎಳೆಯಬೇಕು. ಭಾರ ಎಲ್ಲಿ ನಿಂತಿತೋ ಅಲ್ಲಿಗೆ ಅಳತೆ. ದೂರದಲ್ಲೊಂದು ಸುಣ್ಣದ ಗೆರೆ ಇರುತ್ತದೆ, ಅದನ್ನು ದಾಟಿಸಿದವನೇ ಗಂಡು. ಆ ವರ್ಷ ಮರಳು ತುಂಬಲು ಟ್ರೇಲರ್ ಕೊಟ್ಟವನು ಇದೇ ಕಲ್ಮೇಶಪ್ಪ. ಊರ ಹಿರಿಯರ ಮುಂದೆ ಎದೆಯುಬ್ಬಿಸಿ ಅಂದ:

"ಗುರಸಿದ್ದ ಆ ಗೆರಿ ದಾಟಿಸಲಿ, ಟ್ರ್ಯಾಕ್ಟರ್ ಅವರ ಅಂಗಳದಾಗ ಇರಲಿ. ದಾಟಸಲಿಲ್ಲ ಅಂದ್ರ ನನ್ನ ಅಂಗಳಕ್ಕ!"

"ಆಗಲಿ!" ಅಂದುಬಿಟ್ಟಳು ಸಂಕವ್ವ. ಅಂದಮೇಲೆ ಮಗನ ಮುಖ ನೋಡಿದಳು. ನೋಡಿ ಹಣೆ ಹಣೆ ಬಡಿದುಕೊಂಡಳು.

ಪಂದ್ಯಕ್ಕೊಂದು ಕಟ್ಟುಪಾಡು. ಟ್ರ್ಯಾಕ್ಟರ್ ಇಳಿಸುವವರು, ಪಂದ್ಯ ನಡೆಯುವ ಊರಾಚೆಯ ಬಯಲು ಮಡ್ಡಿಯ ನೆಲ ಹಸನು ಮಾಡಲು ಮನೆಗೊಂದು ಆಳು ಕೊಡಬೇಕು. ಬರದವರ ಹೆಸರು ಕಟ್. ಸಂಕವ್ವನ ಮನೆಯಿಂದ ಬೇರೆ ಯಾರಿದ್ದಾರೆ? ಗುರಸಿದ್ದನೇ ಹೊರಟ.

ಪಂದ್ಯದ ಪಂಚ ಪರಪ್ಪಜ್ಜ. ನೆಟ್ಟಗಿನ ಮನುಷ್ಯ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಅವನು ಗುರಸಿದ್ದನಿಗೆ ಬುಟ್ಟಿ ಕೊಟ್ಟು, "ಕಣ್ಣಿಗೆ ಬಿದ್ದ ಕಲ್ಲೆಲ್ಲಾ ಆರಿಸಿ ಹೊರಗ ಒಗಿ!" ಅಂದ.

ಗುರಸಿದ್ದ ಆರಿಸಿದ. ಸಣ್ಣ ಕಲ್ಲು ಆರಿಸಿದ, ದೊಡ್ಡ ಕಲ್ಲು ಆರಿಸಿದ. ಅಳತೆಗಾಗಿ ಸುಣ್ಣ ಬಳಿದು ಹೂಳಿದ್ದ ಗುರುತಿನ ಕಲ್ಲುಗಳನ್ನೂ ಹಾರೆ ಹಾಕಿ ಕಿತ್ತು ಒಗೆದ! ಸಂಜೆ ಪರಪ್ಪಜ್ಜ ಬಂದು ನೋಡಿದರೆ ಮಡ್ಡಿ ಅಂಗೈ ಹಾಗೆ ಬೋಳು.

"ಅಯ್ಯೋ ಖೋಡಿ! ಅಳತಿ ಕಲ್ಲು ಎಲ್ಲಿ?"

"ಕಣ್ಣಿಗೆ ಬಿದ್ದುವಜ್ಜಾ! ಒಗದೆ!"

ಸುದ್ದಿ ಮನೆ ಮುಟ್ಟಿತು. ಸಂಕವ್ವ ಹಣೆ ಹಣೆ ಬಡಿದುಕೊಂಡಳು. "ಮಂಗ್ಯಾ! ಸುಣ್ಣ ಹಚ್ಚೈತಿ ಅಂದ್ರ ಅದು ಗುರ್ತಿನ ವಸ್ತು. ಸುಣ್ಣ ಹತ್ತಿದ್ದನ್ನ ಮುಟ್ಟಬಾರದು! ತಿಳೀತಾ?"

"ಆತು ಬೇ ಯವ್ವಾ, ಮುಂದಿನ ಸಲ ಹಂಗ ಮಾಡತೀನಿ."

ಮರುದಿನ ಪರಪ್ಪಜ್ಜ ತಾನೇ ಸುಣ್ಣದ ಪುಡಿಯ ಡಬ್ಬಿ ಹಿಡಿದು ಗೆರೆ ಎಳೆಯುತ್ತಿದ್ದ. ಬಗ್ಗಿ ಬಗ್ಗಿ ಹಿಂದಕ್ಕೆ ನಡೆದ. ಹಿಂದಕ್ಕೆ ನಡೆದವನು ಕಾಲುವೆಗೆ ಬಿದ್ದ! ಡಬ್ಬಿ ತಲೆಯ ಮೇಲೆ ಬೋರಲಾಯಿತು. ಅಜ್ಜ ಬೆಳ್ಳಗಾಗಿ ಹೋದ.

"ಗುರಸಿದ್ದಾ! ಕೈ ಹಿಡದು ಎತ್ತೋ!"

ಗುರಸಿದ್ದ ದಂಡೆಯ ಮೇಲೆ ಕೈ ಕಟ್ಟಿ ನಿಂತ. "ಆಗಂಗಿಲ್ಲಜ್ಜಾ. ನಿನಗ ಸುಣ್ಣ ಹತ್ತೇತಿ. ಸುಣ್ಣ ಹತ್ತಿದ್ದನ್ನ ಮುಟ್ಟಬಾರದಂತ!"

"ಕಾಲು ಸಿಕ್ಕೊಂಡೈತಲೋ!"

"ನಮ್ಮವ್ವ ಹೇಳ್ಯಾಳಜ್ಜಾ!"

ಕುರಿ ಕಾಯುವವರು ಬಂದು ಅಜ್ಜನನ್ನು ಎತ್ತಿದರು. ಅವನು ತೊಟ್ಟಿಕ್ಕುತ್ತಲೇ ಸಂಕವ್ವನ ಮನೆಗೆ ಬಂದು, "ಇನ್ನೊಂದು ಸಲ ಹಿಂಗಾದ್ರ ಹೆಸರು ಕಟ್!" ಅಂತ ಗುಡುಗಿದ. ಅವನ ಹಿಂದೆ ಕಲ್ಮೇಶಪ್ಪ ಮೀಸೆಯಲ್ಲೇ ನಗುತ್ತ ನಿಂತಿದ್ದ.

ಸಂಕವ್ವ ಹಣೆ ಹಣೆ ಬಡಿದುಕೊಂಡಳು. "ಖೋಡಿ! ಬಿದ್ದದ್ದು ಕಂಡ್ರ ಓಡಿ ಹೋಗಿ ಎತ್ತಬೇಕು! ಆಮ್ಯಾಲ ನೀರು ಹಾಕಿ ತೊಳೀಬೇಕು! ತಿಳೀತಾ?"

"ಆತು ಬೇ ಯವ್ವಾ, ಮುಂದಿನ ಸಲ ಹಂಗ ಮಾಡತೀನಿ."

ಮಾರನೆಯ ದಿನ ಮಡ್ಡಿಗೆ ಕೆಂಪು ಮಣ್ಣು ತಂದರು. ಟ್ರ್ಯಾಕ್ಟರ್ ಓಟದ ದಾರಿಯ ಉದ್ದಕ್ಕೂ ಗುಡ್ಡೆ ಗುಡ್ಡೆ ಸುರಿದು ಊಟಕ್ಕೆ ಹೋದರು. ಗುರಸಿದ್ದ ನೋಡಿದ. ಅಲ್ಲಿ ನೋಡಿದರೂ ಮಣ್ಣು ಬಿದ್ದಿದೆ, ಇಲ್ಲಿ ನೋಡಿದರೂ ಮಣ್ಣು ಬಿದ್ದಿದೆ! ಓಡಿದ. ಬುಟ್ಟಿ ಬುಟ್ಟಿ ಎತ್ತಿದ. ಬಿದ್ದ ಮಣ್ಣನ್ನೆಲ್ಲ ಮತ್ತೆ ಬಂಡಿಗೆ ಏರಿಸಿದ. ಆಮೇಲೆ ಕಾಲುವೆಯ ನೀರು ತಿರುವಿ, ಮಣ್ಣು ಬಿದ್ದಿದ್ದ ಜಾಗವನ್ನೆಲ್ಲ ಶುದ್ಧವಾಗಿ ತೊಳೆದ. ಉಂಡು ತೇಗುತ್ತ ಬಂದವರಿಗೆ ಮೊಣಕಾಲುದ್ದ ಕೆಸರು!

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಆ ಕೆಸರು ಆರಲು ಪಂದ್ಯವನ್ನೇ ಮುಂದಕ್ಕೆ ಹಾಕಬೇಕಾಯಿತು. ಪರಪ್ಪಜ್ಜ ಹೆಸರು ಹೊಡೆದುಹಾಕಲು ಹೊರಟ. ಸಂಕವ್ವ ಓಡಿ ಹೋಗಿ ಅವನ ಕಾಲು ಹಿಡಿದಳು.

"ಅಜ್ಜಾ, ಮಂದಿಗೆಲ್ಲಾ ನಾನೇ ರೊಟ್ಟಿ ಬಡದು ಕಳಸತೀನಿ. ಇದೊಂದು ಸಲ ಬಿಡು. ಇವಗ ಟ್ರ್ಯಾಕ್ಟರ್ ಹೊಡಿಯೋದೊಂದು ಬರತೈತಿ, ಅವರಪ್ಪ ತೊಡಿ ಮ್ಯಾಲ ಕುಂದರಿಸಿಕೊಂಡು ಕಲಿಸ್ಯಾನ."

ಅಜ್ಜನ ಸಿಟ್ಟು ಇಳಿಯಿತು. ತಾಯಿ ಮಗನ ಕಡೆ ತಿರುಗಿದಳು. "ಹುಚ್ಚಪ್ಯಾಲಿ! ಗುಡ್ಡಿ ಕಂಡ್ರ ಎತ್ತಬಾರದೋ! ನೆಲದ ಮ್ಯಾಲ ಸಪಾಟ ಹರವಬೇಕು! ಮ್ಯಾಲ ರೋಲರ್ ಉರುಳಿಸಬೇಕು! ತಿಳೀತಾ?"

"ಆತು ಬೇ ಯವ್ವಾ, ಮುಂದಿನ ಸಲ ಹಂಗ ಮಾಡತೀನಿ."

ಸಂಕವ್ವ ಕೋಳಿ ಕೂಗುವ ಮೊದಲೇ ಎದ್ದಳು. ಟಪಟಪ ರೊಟ್ಟಿ ಬಡಿದಳು. ಕಟಕಟ ಅನ್ನುವ ಬಿಳಿಜೋಳದ ರೊಟ್ಟಿ! ಬುಟ್ಟಿಯಲ್ಲಿ ಗುಡ್ಡೆ ಒಟ್ಟಿ, ಬಟ್ಟೆ ಕಟ್ಟಿ ಮಗನ ತಲೆಗೆ ಹೊರಿಸಿದಳು. "ಮಡ್ಡಿಗೆ ಒಯ್ಯಿ" ಅಂದಳು.

ಒಯ್ದ. ಬಟ್ಟೆ ಬಿಚ್ಚಿದ. ನೋಡಿದ. ಗುಡ್ಡೆ! ಇನ್ನೇನು ಬೇಕು? ಓಟದ ಉದ್ದಕ್ಕೂ ರೊಟ್ಟಿ ಸಪಾಟ ಹರವಿದ. ರೋಲರ್ ತಂದು ಉರುಳಿಸಿದ. ಕಟಕಟ! ಕಟಕಟ! ರೊಟ್ಟಿ ಹೋಗಿ ಪುಡಿಯಾಯಿತು, ಪುಡಿ ಹೋಗಿ ಮಣ್ಣಾಯಿತು. ಊರ ಕಾಗೆಗಳಿಗೆಲ್ಲ ಹಬ್ಬ! ಹಸಿದು ಬಂದ ಮಂದಿ ಮಾತ್ರ ಗುರಸಿದ್ದನನ್ನು ಮನೆಯವರೆಗೂ ಅಟ್ಟಿಸಿಕೊಂಡು ಬಂದರು. ನೆಲವೇನೂ ಕೆಟ್ಟಿಲ್ಲ ಅಂತ ಪರಪ್ಪಜ್ಜ ಹೆಸರೊಂದು ಉಳಿಸಿದ.

ಸಂಕವ್ವನಿಗೆ ಹಣೆ ಬಡಿದುಕೊಳ್ಳಲೂ ಶಕ್ತಿ ಇರಲಿಲ್ಲ. ಒಲೆಯ ಮುಂದೆ ಕುಸಿದು ಅತ್ತಳು. ನಾಳೆಯೇ ಪಂದ್ಯ. ಗಂಡನ ಟ್ರ್ಯಾಕ್ಟರ್ ಹೋದ ಹಾಗೆಯೇ ಅನ್ನಿಸಿತು ಅವಳಿಗೆ. ತಾಯಿ ಅತ್ತದ್ದು ನೋಡಿ ಗುರಸಿದ್ದನಿಗೂ ಅಳು ಬಂತು. ಪೆದ್ದನೆಂದರೆ ಕರುಳಿಲ್ಲವೇ?

"ಹಂಗಾರ ರೊಟ್ಟಿ ಹೆಂಗ ಒಯ್ಯಬೇಕಿತ್ತು ಬೇ?"

"ಹಗೂರಕ ಒಯ್ಯಬೇಕೋ ಮಗನ! ಒಂದು ರೊಟ್ಟೀನೂ ಮುರೀದಂಗ, ಅವಸರ ಮಾಡದಂಗ! ನಡುವ ಎಲ್ಲೂ ಇಳಸಬಾರದು. ಯಾರು ಕರದರೂ ನಿಂದ್ರಬಾರದು. ಯಾರದೈತೋ ಅವರ ಬಾಗಿಲಿಗೇ ಮುಟ್ಟಿಸಬೇಕು!"

"ಆತು ಬೇ ಯವ್ವಾ, ಮುಂದಿನ ಸಲ ಹಂಗ ಮಾಡತೀನಿ."

ಪಂದ್ಯದ ದಿನ ಮಡ್ಡಿಯ ತುಂಬ ಜನ. ಒಂದೊಂದೇ ಟ್ರ್ಯಾಕ್ಟರ್ ಬಂತು. ಭರ್ರ್ ಅಂತ ಹೊಗೆ ಬಿಟ್ಟಿತು. ಗಾಲಿ ನಿಂತಲ್ಲೇ ಗಿರಗಿರ ತಿರುಗಿ ನೆಲಕ್ಕೆ ತಗ್ಗು ತೋಡಿ ನಿಂತುಬಿಟ್ಟಿತು. ಯಾರೊಬ್ಬರೂ ಸುಣ್ಣದ ಗೆರೆ ಮುಟ್ಟಲಿಲ್ಲ. ಕಲ್ಮೇಶಪ್ಪ ಒಂದೇ ಸಮನೆ ಮೀಸೆ ತಿರುವುತ್ತಿದ್ದ.

ಕಡೆಗೆ ಗುರಸಿದ್ದನ ಸರದಿ. ಅವನು ಹಿಂದೆ ತಿರುಗಿ ಟ್ರೇಲರ್ ನೋಡಿದ. ಮರಳಿನ ಗುಡ್ಡೆ ನೋಡಿದ. ರೊಟ್ಟಿಯ ಬುಟ್ಟಿ ನೆನಪಾಯಿತು. ಹಗೂರಕ, ಗುರಸಿದ್ದಾ, ಹಗೂರಕ! ಸಣ್ಣ ಗೇರು ಹಾಕಿದ. ಒಂದು ರೊಟ್ಟಿಯೂ ಮುರಿಯದ ಹಾಗೆ ಟ್ರ್ಯಾಕ್ಟರ್ ಬಿಟ್ಟ. ಗಾಲಿ ಜಾರಲಿಲ್ಲ. ನೆಲ ಕೀಳಲಿಲ್ಲ. ಭಾರ ಮಿಸುಕಿತು, ಸರಿಯಿತು, ನಡೆಯಿತು! ಜನ ಎದ್ದು ನಿಂತರು. ಸಂಕವ್ವ ಸೆರಗು ಕಚ್ಚಿದಳು. ಗೆರೆ ಬಂತು. ಗೆರೆ ದಾಟಿತು!

"ದಾಟಿತೋ!" ಅಂತ ಸಂಕವ್ವ ಕುಣಿದಳು. ಪರಪ್ಪಜ್ಜ ಸೀಟಿ ಊದಿದ. "ಸಾಕು! ನಿಂದ್ರೋ!"

ಗುರಸಿದ್ದ ನಿಲ್ಲುತ್ತಾನೆಯೇ? ಯಾರು ಕರೆದರೂ ನಿಲ್ಲಬಾರದು! ಅಜ್ಜ ಕೆಂಪು ಬಾವುಟ ಬೀಸಿದ. ನಡುವೆ ಎಲ್ಲೂ ಇಳಿಸಬಾರದು! ಮಡ್ಡಿ ಇಳಿದ. ಊರು ಹೊಕ್ಕ. ಹಿಂದೆ ಊರೆಲ್ಲ ಓಡಿತು. ಯಾರದು ಆ ಟ್ರೇಲರ್? ಕಾಕಾನದು! ನೆಟ್ಟಗೆ ಕಾಕಾನ ಬಾಗಿಲಿಗೆ ಹೋದ. ಹೊಸ ಕಬ್ಬಿಣದ ಗೇಟಿನ ಒಂದು ಬಾಗಿಲು ಢಣ್ ಅಂತ ಕಿತ್ತು ಬಿತ್ತು.

"ಕಾಕಾ, ತಗೋ! ಒಂದೂ ಮುರದಿಲ್ಲ!"

ಏದುಸಿರು ಬಿಡುತ್ತ ಬಂದ ಕಲ್ಮೇಶಪ್ಪ ಮುರಿದ ಗೇಟು ನೋಡಿ ಚೀರಿದ: "ಮೂಳಾ! ಎಲ್ಲಿಂದ ತಂದಿಯೋ ಅಲ್ಲೇ ಒಯ್ದು ಇಡು!"

"ಆತು ಕಾಕಾ, ಹಂಗ ಮಾಡತೀನಿ."

ಅಂಗಳದಲ್ಲೇ ಸುತ್ತು ಹಾಕಿ ತಿರುಗಿದ. ಹೊರಗೆ ಬರುವಾಗ ಗೇಟಿನ ಇನ್ನೊಂದು ಬಾಗಿಲೂ ಢಣ್! ಮತ್ತೆ ಊರು ದಾಟಿ, ಮಡ್ಡಿ ಏರಿ, ಸುಣ್ಣದ ಗೆರೆಯನ್ನು ಈ ಕಡೆಯಿಂದ ದಾಟಿ, ಮೊದಲು ಎಲ್ಲಿತ್ತೋ ಅಲ್ಲೇ, ಒಂದು ಬೆರಳು ಆಚೆಯಿಲ್ಲ ಈಚೆಯಿಲ್ಲ, ಭಾರ ತಂದು ನಿಲ್ಲಿಸಿದ.

ಕಲ್ಮೇಶಪ್ಪನ ಮುಖ ಅರಳಿತು. "ಅಜ್ಜಾ, ನಿಮ್ಮ ಕಟ್ಟು ಏನು? ಭಾರ ಎಲ್ಲಿ ನಿಂತಿತೋ ಅಲ್ಲಿಗೆ ಅಳತಿ! ನೋಡ್ರಿ, ಇದ್ದಲ್ಲೇ ಐತಿ. ಹಂದೇ ಇಲ್ಲ! ಟ್ರ್ಯಾಕ್ಟರ್ ನಂದು!"

ಪರಪ್ಪಜ್ಜ ಗಡ್ಡ ಕೆರೆದುಕೊಂಡ. ಮಾತೇನೋ ಕಟ್ಟಿನ ಪ್ರಕಾರವೇ ಇತ್ತು. ಸಂಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

"ಹೌದಪಾ, ಹಂದೇ ಇಲ್ಲ ಅಂತನ ಇಟ್ಕೋ. ಹಂಗಾರ ನಿನ್ನ ಗೇಟೂ ಮುರದಿಲ್ಲ! ನಾಳಿ ನನ್ನ ಬಾಗಿಲಿಗೆ ಬಂದು ಗೇಟು ಅಂತ ಬಾಯಿ ತಗದೀ, ನೋಡು!"

"ಅದೆಂಗ? ಎರಡೂ ಬಾಗಿಲ ಮುರದು ಬಿದ್ದಾವಲ್ಲ! ಊರೇ ನೋಡೇತಿ!"

"ಮುರದಾವ?"

"ಮುರದಾವ!"

"ಯಾವುದು ಬಡದು ಮುರದಾವ?"

"ಈ ಹಾಳಾದ ಟ್ರೇಲರ್!" ಅಂದ ಕಲ್ಮೇಶಪ್ಪ. ಅಂದವನು ನಾಲಗೆ ಕಚ್ಚಿಕೊಂಡ.

ಪರಪ್ಪಜ್ಜ ಕೋಲು ನೆಲಕ್ಕೆ ಕುಟ್ಟಿ ನಕ್ಕ. "ಗೇಟಿನ ತನಕ ಹೋಗೇತಿ ಅಂತ ನೀನೇ ಅಂದಿ! ಗೆದ್ದಾಂವ ಗುರಸಿದ್ದ! ಟ್ರ್ಯಾಕ್ಟರ್ ಸಂಕವ್ವಂದು!"

ಆ ದಿನದ ಸಂಕವ್ವನ ಸಂತೋಷ ನಾನು ಹೇಳಲಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಅಂಥ ಹೆಗ್ಗಣ ಗೆದ್ದು ಬಂದರೆ ಕೇಳಬೇಕೆ? ಓಡುತ್ತ ಮನೆಗೆ ಬಂದು ಅರಿಶಿನ ಕಲಸಿದಳು, ಸುಣ್ಣ ಬೆರೆಸಿದಳು, ಕೆಂಪು ನೀರಿನ ಆರತಿ ಸಿದ್ಧ ಮಾಡಿದಳು. ಟ್ರ್ಯಾಕ್ಟರ್ ಬಾಗಿಲ ಮುಂದೆ ನಡುಬೀದಿಯಲ್ಲಿ ನಿಂತಿತು. ಗಂಡನನ್ನು ನೆನೆದು ಕಣ್ಣೊರೆಸಿಕೊಂಡು ಅದಕ್ಕೆ ಆರತಿ ಎತ್ತಿದಳು. ಬೆರಳು ಅದ್ದಿ ಟ್ರ್ಯಾಕ್ಟರಿನ ಮೂತಿಗೊಂದು ಬೊಟ್ಟು, ಮಗನ ಹಣೆಗೊಂದು ಬೊಟ್ಟು ಇಟ್ಟಳು.

"ಇನ್ನ ಅಂಗಳದಾಗ ನಿಂದರಿಸಿ ಬಂದು ಉಣ್ಣು ನನ್ನಪ್ಪಾ."

ಗುರಸಿದ್ದ ಟ್ರ್ಯಾಕ್ಟರಿನಿಂದ ಛಂಗನೆ ಜಿಗಿದ. ಎರಡು ಕೈ ಮೇಲೆತ್ತಿ ದೂರ ನಿಂತ.

"ಆಗಂಗಿಲ್ಲ ಬೇ! ಅದಕ್ಕ ಸುಣ್ಣ ಹತ್ತೇತಿ! ಸುಣ್ಣ ಹತ್ತಿದ್ದನ್ನ ಮುಟ್ಟಬಾರದಂತ ನೀನೇ ಹೇಳಿದ್ಯಲ್ಲ!"

ಸಂಕವ್ವ ಬೈದಳು, ಬೇಡಿಕೊಂಡಳು. ಊಹೂಂ! ಕಡೆಗೆ, ಟ್ರ್ಯಾಕ್ಟರ್ ಅಡ್ಡವಾಗಿ ಮನೆಗೆ ಹೋಗಲು ದಾರಿ ಸಿಗದೆ ಬೀದಿಯಲ್ಲಿ ಸಿಕ್ಕಿಕೊಂಡಿದ್ದ ಕಲ್ಮೇಶಪ್ಪನೇ ಹತ್ತಿ ಕೂತು, ಹಲ್ಲು ಕಡಿಯುತ್ತ, ಆ ಟ್ರ್ಯಾಕ್ಟರನ್ನು ತನ್ನ ಕೈಯಾರೆ ಅತ್ತಿಗೆಯ ಅಂಗಳಕ್ಕೆ ಒಯ್ದು ನಿಲ್ಲಿಸಬೇಕಾಯಿತು!

ಒಳಗೆ ತಾಯಿ ತಾಟು ಇಟ್ಟಳು. ಬಿಸಿ ರೊಟ್ಟಿ, ಬೆಣ್ಣೆ. ಗುರಸಿದ್ದ ಎತ್ತಿದ ಕೈ ಇಳಿಸದೆ ಸುಮ್ಮನೆ ಕೂತಿದ್ದ.

"ಉಣ್ಣೋ! ಮತ್ತೇನಾತು?"

"ಹೆಂಗ ಉಣ್ಣಲಿ ಬೇ? ನನ್ನ ಹಣಿಗೂ ಸುಣ್ಣ ಹತ್ತೇತಿ. ನನ್ನ ನಾನ ಹೆಂಗ ಮುಟ್ಟಲಿ?"

ಸಂಕವ್ವ ಹಣೆ ಬಡಿದುಕೊಳ್ಳಲು ಕೈ ಎತ್ತಿದಳು. ಅಷ್ಟರಲ್ಲಿ ನಗು ಬಂತು. ಎತ್ತಿದ ಕೈಯಿಂದಲೇ ರೊಟ್ಟಿ ಮುರಿದು ಮಗನ ಬಾಯಿಗೆ ಇಟ್ಟಳು.